ಹೊಸಬರ ಕುರ್ಚಿ

ಮದ್ದೂರಿನ ನಮ್ಮ ಚರ್ಚಿನಲ್ಲಿ ಎಲ್ಲರೂ ಜಮಖಾನದ ಮೇಲೆ ಕೂರುತ್ತೇವೆ. ಹೊಸಬರು ಯಾರಾದರೂ ಬಂದರೆ ಬಾಗಿಲ ಹತ್ತಿರ ಮುದುಡಿ ಕೂತು, ಮುಂದಿನ ಭಾನುವಾರ ಪತ್ತೆ ಇರುತ್ತಿರಲಿಲ್ಲ. ಅದಕ್ಕೇ ಪಾಸ್ಟರು ಸ್ವಾಗತ ಸಮಿತಿ ಮಾಡಿ ನನ್ನನ್ನು ಮುಖ್ಯಸ್ಥೆ ಮಾಡಿದರು. ಕೊಟ್ಟ ಕೆಲಸವನ್ನು ಅತಿ ಮಾಡುವುದು ನನ್ನ ಹುಟ್ಟುಗುಣ.

ಕೈಯಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತರಿಸಿ, ಪಾಸ್ಟರ ಪಕ್ಕದಲ್ಲಿ, ಫ್ಯಾನಿನ ಕೆಳಗೆ, ಸಭೆಗೆ ಎದುರಾಗಿ ಹಾಕಿಸಿದೆ. ಹೊಸಬರು ಅದರಲ್ಲಿ ಕೂರಬೇಕು, ನಾವು ಚಪ್ಪಾಳೆ ತಟ್ಟಬೇಕು. ಇನ್ನೊಬ್ಬರು ಹೊಸಬರು ಬಂದ ಮೇಲೆ ಹಳೆಯ ಹೊಸಬರು ಇಳಿದು ನಮ್ಮ ಜೊತೆ ಕೂರಬಹುದು. ಈ ನಿಯಮ ಬರೆದವಳೂ ನಾನೇ.

ಮೊದಲು ಕೂತವರು ಬೆಸಗರಹಳ್ಳಿಯಿಂದ ಬಸ್ಸಿನಲ್ಲಿ ಬಂದ ಒಬ್ಬ ಹೆಂಗಸು. ಸ್ಕೂಲಿನಲ್ಲಿ ಬಿಸಿಯೂಟ ಮಾಡುವವರು, ಹಿಂದಿನ ವರ್ಷ ಗಂಡ ತೀರಿಕೊಂಡಿದ್ದರು. ಚಪ್ಪಾಳೆ ತಟ್ಟಿದೆವು. ಮುಂದಿನ ಭಾನುವಾರ ಬೇರೆ ಯಾರೂ ಬರಲಿಲ್ಲ. ಮತ್ತೆ ಅವರೇ ಕೂತರು, ಮತ್ತೆ ತಟ್ಟಿದೆವು. ಹೀಗೇ ಏಳು ತಿಂಗಳು. ಕ್ರಿಸ್‌ಮಸ್ ಬಂದು ಹೋಯಿತು, ಅವರಿನ್ನೂ ಹೊಸಬರು. ಅಷ್ಟರಲ್ಲಿ ನಮ್ಮ ಹಾಡುಗಳೆಲ್ಲ ಅವರಿಗೆ ಬಾಯಿಪಾಠ. ಸಾಲು ಮರೆತರೆ ನಾನು ಅವರ ಬಾಯಿ ನೋಡಿಕೊಂಡು ಹಾಡುತ್ತಿದ್ದೆ.

ಒಂದು ಸಲ, "ಅಕ್ಕ, ನಾನೂ ಕೆಳ್ಗೆ ಕೂತ್ಕತೀನಿ" ಅಂದರು.

"ಇನ್ನೊಬ್ರು ಬರ್ಲಿ ತಡಿಯಮ್ಮ" ಅಂದೆ.

ಮುಂದಿನ ವಾರ ಬಸ್ ಸ್ಟ್ಯಾಂಡಿನಿಂದ ಸೌತೆಕಾಯಿ ಮಾರುವವನೊಬ್ಬನನ್ನು ಕರೆದುಕೊಂಡೇ ಬಂದರು. ಅವನು ಕುರ್ಚಿ ನೋಡಿದ, ಚಪ್ಪಾಳೆಗೆ ಎತ್ತಿದ್ದ ನಮ್ಮ ಕೈಗಳನ್ನು ನೋಡಿದ, ಬುಟ್ಟಿ ಹೊತ್ತು ಹೊರಟುಹೋದ. ಕೂರದೆ ಹೋದವನು ಹೊಸಬನಲ್ಲ ಎಂದು ಸಮಿತಿ ತೀರ್ಮಾನಿಸಿತು.

ಜನವರಿಯಲ್ಲಿ ಎರಡು ವಾರ ಕುರ್ಚಿ ಖಾಲಿ. ಸಮಿತಿಯ ನಾವು ಮೂವರು ಹೆಂಗಸರು ಬೆಸಗರಹಳ್ಳಿಗೆ ಹೋದೆವು. ಜಗಲಿಯಲ್ಲಿ ಅವರೂ ಅಕ್ಕಪಕ್ಕದ ಹೆಂಗಸರೂ ರಾಶಿಯ ಸುತ್ತ ಕೂತು ಅವರೆಕಾಯಿ ಸುಲಿಯುತ್ತ, ಯಾವುದೋ ಮದುವೆಯ ಊಟವನ್ನು ಬೈಯುತ್ತಿದ್ದರು. ನಮ್ಮನ್ನು ಕಂಡದ್ದೇ ಎದ್ದು, ಪಕ್ಕದ ಮನೆಯಿಂದ ಮೂರು ಕುರ್ಚಿ ತರಿಸಿ, ಅಂಗಳದಲ್ಲಿ ತಮಗೆ ಎದುರಾಗಿ ಹಾಕಿಸಿದರು. ಕಾಫಿ ಕೊಟ್ಟರು. ಮಾತು ನಿಂತಿತು. ಅಷ್ಟೂ ಹೆಂಗಸರು ನಮ್ಮನ್ನೇ ನೋಡಿದರು. ಕೈ ಎಲ್ಲಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

"ಯಾಕಮ್ಮ ಬರ್ಲಿಲ್ಲ?" ಅಂದೆ.

"ಬೇಜಾರ್ ಮಾಡ್ಕಬ್ಯಾಡಿ ಅಕ್ಕ. ನಮ್ಮನೆಯವ್ರು ತೀರ್ಕಂಡ್ಮೇಲೆ, ಅಲ್ಲಾದ್ರೂ ಯಾರಾದ್ರೂ ಪಕ್ಕದಲ್ಲಿ ಕೂತ್ಕತಾರೆ ಅಂತ ಬತ್ತಿದ್ದೆ. ಏಳ್ ತಿಂಗ್ಳು ಎಲ್ಲಾರ್ ಮೊಕ ನೋಡ್ದೆ ಕಣಕ್ಕ. ಪಕ್ಕದಲ್ಲಿ ಮಾತ್ರ ಒಬ್ರೂ ಇರ್ನಿಲ್ಲ."

ನನಗೆ ನಾಚಿಕೆಯಾಯಿತು. ಕುರ್ಚಿ ಬಿಟ್ಟು ಜಗಲಿಗೆ ಹೋಗಿ ಅವರ ಪಕ್ಕ ಕೂತು ಅವರೆಕಾಯಿಗೆ ಕೈಹಾಕಿದೆ. "ನೆಂಟ್ರು ನೀವು, ಬುಡಿ" ಅಂದರು. ನಾನು ಬಿಡಲಿಲ್ಲ. ಸ್ವಲ್ಪ ಹೊತ್ತು ನನ್ನ ಕೆಲಸ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಉಳ ಬಿದ್ದಿರೋದ್ನೆಲ್ಲಾ ಆಕ್ತಿದೀರಲ್ಲಕ್ಕ, ಕಣ್ ಕಾಣಾಕಿಲ್ವಾ?" ಎಂದು ಗದರಿ, ಹತ್ತಿರ ಸರಿದು, ನನ್ನ ಮಡಿಲಿನಿಂದ ಹುಳುಕನ್ನು ಆರಿಸತೊಡಗಿದರು.

ಈಗ ಕೆಂಪು ಕುರ್ಚಿಯಲ್ಲಿ ಪಾಸ್ಟರ ಹೆಲ್ಮೆಟ್ ಕೂರುತ್ತದೆ. ಬೆಸಗರಹಳ್ಳಿಯವರು ಜಮಖಾನದ ಮೇಲೆ, ನನ್ನ ಪಕ್ಕ. ನಾನು ಹಾಡಿನಲ್ಲಿ ಸಾಲು ತಪ್ಪಿದರೆ ಮೊಣಕೈಯಿಂದ ತಿವಿಯುತ್ತಾರೆ.