ಇಮ್ತಿಯಾಜನ ಎರಡನೆಯ ಮುಖ

ಶಾಹೀನ್, ನಿಮ್ಮ ಮನೆಯ ಟಿವಿಯಲ್ಲಿ ನಿಂತು ಉಸಿರಾಡುತ್ತಿರುವವನು ನಿನ್ನ ಅಣ್ಣ ಮಾಡಿದ ಆಟಗಾರನಲ್ಲ. ಅವನನ್ನು ಮಾಡಿದವನು ನಾನು. ಇಮ್ತಿಯಾಜ್ ಮಾಡಿಟ್ಟಿದ್ದವನನ್ನು — ಅಳಿಸಿದವನೂ ನಾನೇ.

ಅರಬೈಲ್ ಘಾಟಿನಲ್ಲಿ ಲಾರಿ ಉರುಳಿ ಇಮ್ತಿಯಾಜ್ ಹೋದ ಮೇಲೆ, ನೀನು ಅವನ ಹಳೇ ವಿಡಿಯೋ ಗೇಮ್ ಪೆಟ್ಟಿಗೆಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಯಲ್ಲಾಪುರದಿಂದ ಶಿರಸಿಯ ನನ್ನ ರಿಪೇರಿ ಅಂಗಡಿಗೆ ಬಂದೆ. ಫುಟ್‌ಬಾಲ್ ಆಟದೊಳಗೆ ಅವನು ತನ್ನದೇ ಮುಖದ ಆಟಗಾರನೊಬ್ಬನನ್ನು ಮಾಡಿಕೊಂಡಿದ್ದ. ನಿಮ್ಮ ಡಬ್ಬಿ ಟಿವಿ ಕೆಟ್ಟಿತ್ತು. ಹೊಸ ಟಿವಿಯಲ್ಲಿ ಚಿತ್ರ ಕಲಸಿಹೋಗುತ್ತಿತ್ತು.

"ಗಣಪಣ್ಣ, ಅಮ್ಮಿಗೆ ಅವನ ಮುಖ ಸರಿ ಕಾಣೋ ಹಾಗೆ ಮಾಡಿಕೊಡು," ಎಂದು ನೀನು ಅಂದೆ.

ನಾನು ಪೆಟ್ಟಿಗೆಯೊಳಗೆ ಹೊಸ ಬೋರ್ಡು ಕೂರಿಸಿದೆ. ಚಿತ್ರ ತೊಳೆದಿಟ್ಟಂತೆ ಬಂತು. ಆದರೆ ಅವನ ಆಟಗಾರನಿದ್ದ ಮೆಮೊರಿ ಕಾರ್ಡನ್ನು ಅದು ಓದಲಿಲ್ಲ. ಇದ್ದದ್ದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಕಾರ್ಡಿನ ತುದಿ ಒರೆಸಿ ಮತ್ತೆ ಹಾಕಿ ನೋಡಬೇಕಿತ್ತು — ನನಗೆ ಗೊತ್ತಿದ್ದ ಕೆಲಸವೇ. ಹೊಸ ಚಿತ್ರದ ಚೆಂದ ನೋಡುವ ಅವಸರದಲ್ಲಿ 'ಹೌದು' ಒತ್ತಿಬಿಟ್ಟೆ.

ನಿನಗೆ ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಹೇಳದೆ, ಅಂಗಡಿಯ ಶಟರ್ ಅರ್ಧ ಇಳಿಸಿ, ನೆನಪಿನಿಂದ ಅವನ ಮುಖ ಮಾಡಲು ಕೂತೆ. ದವಡೆ, ಮೂಗು, ಕಣ್ಣುಗಳ ನಡುವಿನ ಅಂತರ... ಚಿಕ್ಕಂದಿನಿಂದ ನೋಡಿದ ಮುಖ, ಆದರೂ ಕೂಡಿಬರಲೊಲ್ಲದು. ಕೊನೆಗೆ ಎಡಹುಬ್ಬಿನ ಮೇಲೆ ಗಾಯದ ಗೆರೆ ಎಳೆದೆ — ಅದು ತಲೆ ತಿರುಗಿಸಿ ನನ್ನನ್ನು ನೋಡಿತು. ಆ ಆಟದಲ್ಲಿ ಎಲ್ಲ ಆಟಗಾರರೂ ಹಾಗೆ ನೋಡುತ್ತಾರೆ, ಭುಜ ಏರಿಳಿಸುತ್ತಾರೆ, ರೆಪ್ಪೆ ಬಡಿಯುತ್ತಾರೆ. ಗೊತ್ತು. ಆದರೂ ಎದ್ದು ಟಿವಿಗೆ ಬೆನ್ನು ಹಾಕಿ ನಿಂತೆ. ಹಿಂದಿನಿಂದ ಯಾರೋ ನನ್ನ ಮಾತಿಗೆ ಕಾಯುತ್ತಿರುವ ಹಾಗಿತ್ತು.

ನಿಮ್ಮ ಮನೆಯಲ್ಲಿ ಟಿವಿ ಹಚ್ಚಿಕೊಟ್ಟಾಗ ನಿನ್ನ ಅಮ್ಮಿ ಬಹಳ ಹೊತ್ತು ನೋಡಿದರು.

"ಹುಬ್ಬಿನ ಗಾಯ ಅವನೇ ಹಾಕ್ಕೊಂಡಿದ್ನಾ? ಫೋಟೋ ತೆಗೆಸುವಾಗೆಲ್ಲ ಅದನ್ನ ಮುಚ್ಕೊಳ್ತಿದ್ದ. ಹಳೇ ಟಿವಿಲಿ ಕಾಣ್ಲೇ ಇಲ್ವಲ್ಲಪ್ಪ."

"ಮೊದ್ಲೂ ಇತ್ತು ಚಾಚಿ. ಈಗ ಸ್ವಚ್ಛ ಕಾಣ್ತದೆ, ಅಷ್ಟೇ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

ಆಮೇಲೆ ಅವರು ಅವನೆದುರು ಕೂತೇ ಊಟ ಮಾಡತೊಡಗಿದರು. ಟಿವಿ ಆರಿಸಲು ಬಿಡುತ್ತಿರಲಿಲ್ಲ. "ಅಮ್ಮಿ ಏನಾದ್ರೂ ಕೇಳ್ತಾಳೆ, ಅವನು ರೆಪ್ಪೆ ಬಡಿದ್ರೆ ಹೌದು ಅಂತ ತಿಳ್ಕೊಳ್ತಾಳೆ," ಎಂದು ನೀನು ನಗುತ್ತ ಹೇಳಿದೆ. ನಾನೂ ನಕ್ಕೆ. ಇಷ್ಟು ವರ್ಷ ನಗುತ್ತಲೇ ಬಂದೆ.

ಮೊನ್ನೆ ನೀನು ಇಮ್ತಿಯಾಜನ ಹಳೇ ಫೋಟೋ ದೊಡ್ಡದು ಮಾಡಿಸಿ ತಂದಾಗ ನಾನೂ ಅಲ್ಲಿದ್ದೆ. ಚಾಚಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಟಿವಿಯತ್ತ ನೋಡಿದರು. ಫೋಟೋವನ್ನು ನನ್ನ ಕೈಗಿತ್ತರು.

"ಇದು ಯಾರದ್ದೋ ತಂದಾಳೆ. ನೀನಾದ್ರೂ ಹೇಳು ಗಣಪತಿ, ನನ್ನ ಮಗ ಹೀಗಿದ್ನಾ?"

ಅಮ್ಮಿಗೆ ವಯಸ್ಸಾಯಿತು ಎಂದು ನೀನು ಅತ್ತೆ. ನನ್ನ ಭಯ ಬೇರೆ ಇತ್ತು. ಆ ಫೋಟೋ ನೋಡಿದಾಗ — ಒಂದು ಗಳಿಗೆ ನನಗೂ ಗುರುತು ಸಿಗಲಿಲ್ಲ. ಈಗ ಕಣ್ಣು ಮುಚ್ಚಿದರೂ ಬರುವುದು ನಾನು ಕೂಡಿಸಿದ ಮುಖವೇ. ನನ್ನ ಗೆಳೆಯನದು ಎಲ್ಲಿ ಹೋಯಿತೋ...

ಶುಕ್ರವಾರ ನಮಾಜ್ ಮುಗಿಯುವ ಹೊತ್ತಿಗೆ ಬರುತ್ತೇನೆ. ಚಾಚಿಗೆ ಹೇಳಬೇಕೋ ಬೇಡವೋ, ನೀನು ತೀರ್ಮಾನಿಸು. ಹೇಳುವುದಾದರೆ ನನ್ನ ಬಾಯಿಂದಲೇ ಹೇಳುತ್ತೇನೆ. ಆಗ ಟಿವಿ ಆರಿಸಬೇಡ. ಅವನೂ ಕೇಳಲಿ.