ಶುಭ ಕೋರುವವರ ಸಾಲಿನಲ್ಲಿ

ಅಥವಾ ನಾನು ‘ಹೂಂ’ ಅನ್ನಲೇ ಇಲ್ಲವೇನೋ. ಬರೀ ಕೆಮ್ಮಿದ್ದೆನೇನೋ. ಸಂತೆಯಲ್ಲಿ ಮೆಂತ್ಯದ ಕಟ್ಟು ಹಿಡಿದು ಚೌಕಾಸಿ ಮಾಡುತ್ತಿದ್ದಾಗ ಫೋನು ಬಂತು, ಆ ಕಡೆಯಿಂದ ಯಾರೋ ‘ಸರ್, ಅಣ್ಣಾರ ಬರ್ತ್‌ಡೇ ಐತ್ರಿ, ನಿಮ್ಮ ಹೆಸರೂ ಸೇರಸ್ತೇವ್ರಿ’ ಅಂದರು, ಗದ್ದಲದಲ್ಲಿ ಸರಿಯಾಗಿ ಕೇಳಿಸದೆ ನಾನು ಗಂಟಲಿನಲ್ಲಿ ಏನೋ ಒಂದು ಸದ್ದು ಮಾಡಿದೆ ಎಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನನ್ನ ಹೆಂಡತಿ ಗಿರಿಜಾ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಆ ದಿನ ನಾನು ಸಂತೆಗೆ ಹೋಗಿಯೇ ಇಲ್ಲ. ಮನೆಯಲ್ಲಿ ಟಿ.ವಿ. ಮುಂದೆ ಕೂತು, ಅದರೊಳಗೆ ಒದರುತ್ತಿದ್ದವರಿಗೆ ತಿರುಗಿ ಒದರುತ್ತಿದ್ದವನು ಫೋನಿಗೆ ‘ಆಗಲಿ, ಆಗಲಿ’ ಅಂದೆನಂತೆ. ಮೆಂತ್ಯ ತಂದವಳು ಅವಳು. ಆದರೆ ನನಗೆ ಆ ಸೊಪ್ಪಿನ ಹಸಿ ವಾಸನೆ ಈಗಲೂ ಅಂಗೈಯಲ್ಲಿದೆ. ಇಷ್ಟು ಸ್ಪಷ್ಟವಾಗಿ ಇರುವುದೇ ಅನುಮಾನಕ್ಕೆ ಕಾರಣ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಎಲ್ಲವನ್ನೂ ಚೊಕ್ಕವಾಗಿ ನೆನಪಿಟ್ಟುಕೊಂಡ ಸಾಕ್ಷಿಯನ್ನು ನಂಬಬೇಡಿ ಎಂದು ವರ್ಷ ವರ್ಷ ಪಾಠ ಮಾಡುತ್ತೇನೆ. ಈಗ ಆ ಸಾಕ್ಷಿ ನಾನೇ ಆಗಿ ಕೂತಿದ್ದೇನೆ.

ಫೋನು ಬಂದ ಕೆಲವು ದಿನಗಳ ಮೇಲೆ ಗಿರಿಜಾ ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಬಂದವಳು, ಅದನ್ನು ಇಳಿಸುವ ಮೊದಲೇ ಅಂದಳು:

‘ನಿಮ್ಮನ್ನ ಸರ್ಕಲ್‌ನ್ಯಾಗ ತೂಗ ಹಾಕ್ಯಾರ ನೋಡ್ರಿ. ಲೈಟಿನ ಕಂಬಕ್ಕ.’

ನಾನು ಗಾಬರಿಯಾಗಿ ಎದ್ದೆ.

‘ಕೆಳಗ ಯುವ ಮುಂದಾಳು ಅಂತ ಬರದಾರ. ಬಿ.ಪಿ. ಗುಳಿಗಿ ನುಂಗಿ ಹೋಗ್ರಿ, ಮುಂದಾಳು.’

ಹೋಗಿ ನೋಡಿದೆ. ನಮ್ಮ ಹುನಗುಂದದ ಸರ್ಕಲ್ಲಿಗೆ ಅಡ್ಡವಾಗಿ ಒಂದು ಫ್ಲೆಕ್ಸು. ಬಸ್ಸುಗಳು ಯಾವ ಕಡೆಯಿಂದ ಬರುತ್ತಿವೆ ಎಂಬುದು ಕಾಣದಷ್ಟು ದೊಡ್ಡದು. ನಡುವೆ ಅಣ್ಣಾರು. ಅವರಿಗೆ ಬೇರೆ ಹೆಸರಿದೆ, ಆದರೆ ಅದನ್ನು ಯಾರೂ ಬಳಸುವುದಿಲ್ಲ. ಪುರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ನಿಲ್ಲುವವರು ಎನ್ನುವುದೊಂದೇ ಸದ್ಯಕ್ಕೆ ಅವರ ಗುರುತು. ಒಂದು ಕಡೆ ಕೈ ಮುಗಿದ ಅಣ್ಣಾರು, ಇನ್ನೊಂದು ಕಡೆ ಕಪ್ಪು ಕನ್ನಡಕದ ಅಣ್ಣಾರು, ಮೂಲೆಯಲ್ಲಿ ಮೊಬೈಲು ಕಿವಿಗಿಟ್ಟುಕೊಂಡು ಊರಿನ ಕಷ್ಟ ಕೇಳುತ್ತಿರುವ ಅಣ್ಣಾರು. ಅವರ ಬೆನ್ನ ಹಿಂದೆ ಒಂದು ಹುಲಿ. ಹುಲಿಯ ಮುಖದಲ್ಲಿ ಮಾತ್ರ, ನನ್ನನ್ನು ಇಲ್ಲಿಗೇಕೆ ತಂದಿರಿ ಎಂಬ ಪ್ರಾಮಾಣಿಕ ಬೇಸರ ಇತ್ತು. ಕೆಳಗೆ ಶುಭ ಕೋರುವವರು. ಸಂತೆಯ ಗೋಣಿತಾಟಿನ ಮೇಲೆ ಬದನೆಕಾಯಿ ಗುಂಪು ಹಾಕಿದ ಹಾಗೆ ಸಾಲು ಸಾಲು ತಲೆಗಳು. ಎರಡನೆಯ ಸಾಲಿನಲ್ಲಿ ನಾನು, ಹಲ್ಲು ಕಿರಿದುಕೊಂಡು.

ಫ್ಲೆಕ್ಸುಗಳ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ಕಡೆ ಈಗ ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಗಟಾರದ ಮೇಲೆ ಕಲ್ಲು ಮುಚ್ಚಿದರೆ ಅದಕ್ಕೊಂದು ಅಭಿನಂದನೆಯ ಫ್ಲೆಕ್ಸು. ದವಾಖಾನೆಯ ಬೋರ್ಡು ಕಾಣುವುದಿಲ್ಲ, ಬಸ್ಸಿನ ಬೋರ್ಡು ಕಾಣುವುದಿಲ್ಲ, ಎದುರಿಗೆ ಬರುವ ಟ್ರ್ಯಾಕ್ಟರೂ ಕಾಣುವುದಿಲ್ಲ. ಹಿಂದಿನವರಿಗೂ ಈ ಚಪಲ ಇರಲಿಲ್ಲವೆಂದು ಹೇಳಲಾರೆ. ಬದಾಮಿ, ಮಹಾಕೂಟ, ಐಹೊಳೆ ಎಲ್ಲ ಇಲ್ಲೇ ಹತ್ತಿರದಲ್ಲಿವೆ. ರಾಜರು ತಮ್ಮನ್ನು ಹೊಗಳಿಸಿಕೊಂಡು ಕಲ್ಲಿಗೆ ಕೊರೆಸಿದ್ದನ್ನು ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ಆದರೆ ಕಲ್ಲು ಗಟ್ಟಿ. ಕೊರೆಯುವವನಿಗೆ ಬೆವರು ಬರಬೇಕು, ಆದ್ದರಿಂದ ಹೊಗಳಿಕೆಗೆ ಒಂದು ಮಿತಿ ಇರುತ್ತಿತ್ತು. ಅದನ್ನು ಕೆಡಿಸಿದವರಿಗೆ ಕೊನೆಯಲ್ಲಿ ಒಂದು ಶಾಪವನ್ನೂ ಹಾಕುತ್ತಿದ್ದರು. ಈಗ ಶಾಪ ಮುಂಚೆಯೇ ತಗಲುತ್ತದೆ, ಅದೂ ಎರಡನೆಯ ಸಾಲಿನಲ್ಲಿ ಇರುವವರಿಗೆ.

ಇಷ್ಟೆಲ್ಲ ಭಾಷಣವನ್ನು ಮನಸ್ಸಿನಲ್ಲೇ ಮಾಡಿಕೊಳ್ಳುತ್ತ ನಿಂತಾಗ ಪಕ್ಕದಲ್ಲಿ ಹುಸೇನ ಇರುವುದು ಕಂಡಿತು. ಹುಸೇನ ದರ್ಜಿ. ಬಸ್ ಸ್ಟ್ಯಾಂಡಿನ ಹತ್ತಿರ ಅವನ ಅಂಗಡಿ. ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅಂದಿನಿಂದ ಇಂದಿನವರೆಗೆ ಸಂಜೆಯ ಚಹಾ ಅವನ ಅಂಗಡಿಯಲ್ಲೇ. ಕುತ್ತಿಗೆಯಲ್ಲಿ ಟೇಪು ಜೋತುಬಿಟ್ಟುಕೊಂಡು ಅವನು ಫ್ಲೆಕ್ಸನ್ನೇ ನೋಡುತ್ತಿದ್ದ. ನಾನು ಏನು ಹೇಳಬೇಕೆಂದು ಹುಡುಕುತ್ತಿದ್ದೆ. ಯಾಕೆಂದರೆ ಅಣ್ಣಾರ ಎದುರು ಅದೇ ವಾರ್ಡಿನಿಂದ ನಿಲ್ಲಲು ಹೊರಟವನು ಹುಸೇನನ ಸ್ವಂತ ತಮ್ಮ ಲಾಲಸಾಬ.

‘ಮಾಸ್ತರ,’ ಅಂದ ಹುಸೇನ, ‘ನಿನ್ನ ಹೆಗಲ ಮ್ಯಾಲೆ ಏನ ಐತಿ ನೋಡು.’

ನೋಡಿದೆ. ಫ್ಲೆಕ್ಸಿನಲ್ಲಿ ನನ್ನ ಎಡ ಹೆಗಲಿನ ಮೇಲೆ ನಾಲ್ಕು ಬೆರಳುಗಳಿದ್ದವು. ಒಂದರಲ್ಲಿ ನೀಲಿ ಹರಳಿನ ಉಂಗುರ.

ಆಗ ಗೊತ್ತಾಯಿತು. ಅದು ಬದಾಮಿಯ ಹೊಂಡದ ಹತ್ತಿರ ನಾವಿಬ್ಬರೂ ತೆಗೆಸಿಕೊಂಡ ಫೋಟೋ. ಮಂಗ ಬಂದು ಹುಸೇನನ ಕೈಯಿಂದ ಶೇಂಗಾದ ಪೊಟ್ಟಣ ಕಸಿದುಕೊಂಡು ಹೋದ ಮೇಲೆ ನಗುತ್ತಾ ನಿಂತದ್ದು. ಮಂಗ ಬರುವ ಮೊದಲೇ ತೆಗೆದದ್ದು ಎಂದು ಹುಸೇನ ವಾದಿಸುತ್ತಾನೆ, ಅದಿರಲಿ. ನನ್ನ ವಾಟ್ಸಾಪಿನ ಚಿತ್ರ ಅದೇ. ಯಾರೋ ಅದರಿಂದ ನನ್ನ ತಲೆಯನ್ನು ಬಿಡಿಸಿಕೊಂಡಿದ್ದಾರೆ. ಹುಸೇನನನ್ನು ಪೂರ್ತಿ ಕತ್ತರಿಸಿ ಹಾಕಿದ್ದಾರೆ, ಬೆರಳುಗಳನ್ನು ಮಾತ್ರ ಬಿಟ್ಟಿದ್ದಾರೆ.

‘ಈ ಬಟ್ಟ ನನ್ನವು,’ ಅಂದ ಹುಸೇನ, ತನ್ನ ಕೈಬೆರಳುಗಳನ್ನೇ ಹೊರಳಿಸಿ ನೋಡಿಕೊಳ್ಳುತ್ತ. ‘ನಮ್ಮ ತಮ್ಮ ಎಲೆಕ್ಷನ್ನಿಗೆ ನಿಂತಾನ. ನನ್ನ ಬಟ್ಟ ಇಲ್ಲಿ ಅಣ್ಣಾಗ ಶುಭಾಶಯ ಕೋರಾಕತ್ತಾವ.’

ನಾನು ನಕ್ಕೆ. ಅವನೂ ನಗುತ್ತಾನೆಂದುಕೊಂಡೆ. ನಗಲಿಲ್ಲ.

‘ನಮ್ಮ ಓಣ್ಯಾಗ ಏನಂತಾರ ಗೊತ್ತೈತೇನು? ನಿನ್ನ ಮಾಸ್ತರ ಕಡೀಕೂ ಅವರ ಕಡೆನ ಹೋದ ನೋಡು ಅಂತಾರ.’

‘ಅವರು’ ಅಂದರೆ ಯಾರು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಈಚೆಗೆ ಈ ಶಬ್ದಕ್ಕೆ ಅರ್ಥ ಹೇಳುವ ಅಗತ್ಯವೇ ಬೀಳುವುದಿಲ್ಲ. ಟಿ.ವಿ.ಯಲ್ಲಿ ದಿನಾ ಕಲಿಸುತ್ತಾರೆ. ಮೊದಲು ಊರಿನಲ್ಲಿ ಒಬ್ಬ ಮನುಷ್ಯನನ್ನು ಕಂಡರೆ ‘ಊಟ ಆತೇನ್ರಿ’ ಅನ್ನುತ್ತಿದ್ದರು. ಈಗ ‘ನೀವು ಯಾರ ಕಡೆ’ ಅನ್ನುತ್ತಾರೆ. ಯಾರ ಕಡೆಯೂ ಅಲ್ಲ ಎಂದರೆ, ಹಾಗಾದರೆ ಖಂಡಿತ ಆ ಕಡೆ ಎಂದು ಎರಡೂ ಕಡೆಯವರು ಬರೆದುಕೊಳ್ಳುತ್ತಾರೆ.

ಮರುದಿನವೇ ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ಫ್ಲೆಕ್ಸು ಅಲ್ಲಿ ಪ್ರಿಂಟಾದದ್ದೆಂದು ಅದರ ಮೂಲೆಯ ಸಣ್ಣ ಅಕ್ಷರ ಹೇಳುತ್ತಿತ್ತು. ಅಂಗಡಿಯವನು ಕಂಪ್ಯೂಟರಿನ ಮುಂದೆ ಕೂತು ಯಾರದೋ ತಲೆಗೆ ಪೇಟ ತೊಡಿಸುತ್ತಿದ್ದ.

‘ನನ್ನ ತಲಿ ತಗೀಬೇಕ್ರಿ,’ ಅಂದೆ.

‘ತಗದ್ರ ಅಲ್ಲಿ ತೂತು ಬೀಳ್ತೈತ್ರಿ ಸರ,’ ಅಂದ ಬಲು ಶಾಂತವಾಗಿ. ‘ಬದಲಿ ತಲಿ ಕೊಡ್ರಿ, ಅಂಟಿಸಿ ಕೊಡ್ತೇನಿ.’

‘ಕೇಳಲಾರದ ಹ್ಯಾಂಗ ಹಾಕಿದ್ರಿ?’

‘ಕಳಿಸಿದ್ದು ಅವರು, ಹಾಕಿದ್ದು ನಾನು. ಎಲ್ಲಾರ ತಲೀನೂ ನನ್ನ ಹಂತೇಕ ಅದಾವ್ರಿ.’ ಪರದೆಯ ಮೇಲೆ ತೆರೆದು ತೋರಿಸಿದ. ನಿಜ. ಹುನಗುಂದ, ಇಳಕಲ್ಲು, ಕಮತಗಿಗಳ ಅರ್ಧ ಜನ ರುಂಡಗಳಾಗಿ ಅಲ್ಲಿದ್ದರು, ಎಲ್ಲರೂ ನಗುತ್ತಿದ್ದರು. ನನ್ನ ರುಂಡದ ಕೆಳಗೆ ‘ಮಾಸ್ತರ, ಹೊಸದು’ ಎಂದಿತ್ತು. ಹೊಸದು ಎಂದು ಬರೆದದ್ದಕ್ಕೆ ಕ್ಷಣಕಾಲ ಹಿಗ್ಗಿದೆ ಎನ್ನುವುದನ್ನು ನಿಮ್ಮಲ್ಲಿ ಮಾತ್ರ ಹೇಳುತ್ತೇನೆ.

‘ಬೆರಳರೆ ತಗೀಬೇಕಾಗಿತ್ತಲ್ಲ!’

ಅವನು ಹತ್ತಿರ ಬಾಗಿ ನೋಡಿದ. ‘ನಾ ಶಾಲಿನ ಡಿಸೈನ್ ಅನ್ಕೊಂಡಿದ್ದೆ ಬಿಡ್ರಿ.’

ವಾಪಸು ಬರುವಾಗ ಬಸ್ಸಿನಲ್ಲಿ ಕಮತಗಿಯ ನನ್ನ ದೊಡ್ಡಪ್ಪನ ಮಗನ ಫೋನು. ಫ್ಲೆಕ್ಸಿನ ಚಿತ್ರ ಅವನಿಗೆ ತಲುಪಿದೆ. ತನ್ನ ಮನೆಯ ಮುಂದಿನ ಗಟಾರದ ವಿಷಯ ಅಣ್ಣಾರಿಗೆ ಹೇಳಬೇಕಂತೆ. ಅಣ್ಣಾರು ಹುನಗುಂದದವರು, ಇನ್ನೂ ಗೆದ್ದಿಲ್ಲ, ನಿನ್ನ ಗಟಾರ ಕಮತಗಿಯದು ಅಂದೆ. ‘ಇರ್ಲಿ ತಮ್ಮಾ, ಹೇಳಿಡು. ಈಗ ನೀ ಅವರ ಮಂದ್ಯಾಗ ಅದಿಯಲ್ಲ,’ ಅಂದ. ಅಲ್ಲ ಎಂದು ನಾನು ಬಸ್ಸಿನ ತುಂಬ ಕೇಳುವಂತೆ ಒದರಿದೆ. ಹಿಂದಿನ ಸೀಟಿನವರೊಬ್ಬರು ನನ್ನನ್ನು ದಿಟ್ಟಿಸಿ, ‘ಫ್ಲೆಕ್ಸಿನ್ಯಾಗ ಇರೋರು ನೀವ ಏನ್ರಿ?’ ಎಂದು ಗೌರವದಿಂದ ಕೇಳಿದರು.

ಗೌರವದ ಕಾಟ ಅಲ್ಲಿಗೇ ಮುಗಿಯಲಿಲ್ಲ. ಆ ಸಂಜೆ ಹುಸೇನನ ಅಂಗಡಿಗೆ ಹೋದರೆ ಅವನು ಮಷಿನಿನಿಂದ ತಲೆ ಎತ್ತಿ, ‘ಬರ್ರಿ ಸರ, ಕುಂದರ್ರಿ’ ಅಂದ. ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ನಮ್ಮ ಕಡೆ ಹಳೆಯ ಗೆಳೆಯನನ್ನು ದೂರ ಮಾಡಲು ಬೈಯುವುದಿಲ್ಲ, ಮರ್ಯಾದೆ ಕೊಡುತ್ತಾರೆ. ನಾನು ಏನೇನೋ ವಿವರಿಸಿದೆ: ಸಂತೆ, ಗದ್ದಲ, ಮೆಂತ್ಯ. ‘ಹೌದ್ರಿ, ಖರೆ ಐತ್ರಿ’ ಎಂದು ಎಲ್ಲಕ್ಕೂ ಒಪ್ಪಿದ. ಚಹಾ ಬಂತು, ಆರಿತು. ಅವನು ಮೊದಲ ಸಲ ನನಗೆ ಪೂರ್ತಿ ಒಂದು ಕಪ್ಪು ಬೇರೆಯಾಗಿ ತರಿಸಿದ್ದ. ನಾವು ಯಾವಾಗಲೂ ಒಂದನ್ನೇ ಎರಡು ಮಾಡಿ ಕುಡಿಯುವವರು.

ಹಾಗೆ ಎಷ್ಟು ಸಂಜೆ ನಡೆಯಿತೋ. ಅಣ್ಣಾರ ಹುಟ್ಟುಹಬ್ಬ ಮುಗಿದರೂ ಫ್ಲೆಕ್ಸು ಇಳಿಯಲಿಲ್ಲ. ಬಿಸಿಲಿಗೆ ಮೊದಲು ಹುಲಿ ಬಣ್ಣ ಕಳೆದುಕೊಂಡಿತು, ಆಮೇಲೆ ಅಣ್ಣಾರು. ನಾನು ಮಾತ್ರ ಕಂಬದ ನೆರಳಿನಲ್ಲಿ ಇದ್ದುದರಿಂದ ತಾಜಾ ಉಳಿದೆ. ಕೊನೆಗೆ ಒಂದು ಗಾಳಿಗೆ ಕಿತ್ತು ಹೋಯಿತು. ಆಮೇಲೊಮ್ಮೆ ಕಮತಗಿಯ ಹತ್ತಿರ, ಬಸ್ಸಿನ ಕಿಟಕಿಯಿಂದ, ಉಳ್ಳಾಗಡ್ಡಿಯ ರಾಶಿಗೆ ಒಂದು ಫ್ಲೆಕ್ಸು ಹೊದಿಸಿದ್ದು ಕಂಡೆ. ನಮ್ಮದೇ ಇರಬೇಕು ಅನ್ನಿಸಿತು. ನಮ್ಮ ಕಡೆ ಎಲ್ಲ ಉಳ್ಳಾಗಡ್ಡಿ ರಾಶಿಗಳ ಮೇಲೂ ಯಾರೋ ಒಬ್ಬರು ಕೈ ಮುಗಿದುಕೊಂಡು ಮಲಗಿರುತ್ತಾರೆ, ಹಾಗಾಗಿ ಖಚಿತವಾಗಿ ಹೇಳಲಾರೆ. ಆದರೂ ಪೀಡೆ ತೊಲಗಿತು ಎಂದುಕೊಂಡು ಸಂಜೆ ಅಂಗಡಿಗೆ ಹೋದೆ.

‘ಬಾ ಲೇ ಮಾಸ್ತರ,’ ಅಂದ ಹುಸೇನ.

ಆ ‘ಲೇ’ ಕೇಳಿ ನನಗಾದ ಸಂತೋಷ ದೊಡ್ಡದು. ಅದರ ಗುಂಗಿನಲ್ಲಿ ಅವನು ಮುಂದೆ ಹೇಳಿದ್ದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

‘ಲಾಲಸಾಬಂದು ಫ್ಲೆಕ್ಸ್ ಮಾಡಸಾಕತ್ತೇವಿ. ಆ ಬದಾಮಿ ಫೋಟೋ ಕೊಡು. ಈ ಸಲ ಕತ್ತರಿಸೂದ ಬ್ಯಾಡ, ಇಡೀ ಹಾಕಸೂಣು. ನೀನೂ ನಾನೂ.’

ನಾನು ಎದುರಿನ ಸ್ಟೂಲಿನ ಮೇಲೆ ಕೂತೆ. ಆಮೇಲೆ ಮಾತಾಡಿದೆ, ಬಹಳ ಮಾತಾಡಿದೆ. ಫ್ಲೆಕ್ಸು ಎಂಬುದೇ ಊರಿಗೆ ಹತ್ತಿದ ರೋಗ, ಇದನ್ನು ಇಡೀ ತಿಂಗಳು ಎಲ್ಲರ ಮುಂದೆ ಬೈದುಕೊಂಡು ತಿರುಗಿದವನು ಈಗ ಇನ್ನೊಂದರಲ್ಲಿ ಹೇಗೆ ನಿಲ್ಲಲಿ, ವೋಟು ಲಾಲಸಾಬನಿಗೇ, ನಮ್ಮ ಓಣಿಯ ಮನೆಮನೆಗೆ ಹೋಗಿ ಬೇಕಾದರೆ ಹೇಳುತ್ತೇನೆ, ಆದರೆ ಫ್ಲೆಕ್ಸಿನ ಮೇಲೆ ನನ್ನ ಮುಖ ಬೇಡ ಎಂದೆ. ಪಾಠ ಮಾಡುವವರಿಗೆ ಇದೊಂದು ಅನುಕೂಲ, ಕಾರಣಗಳು ಸಾಲುಗಟ್ಟಿ ಬರುತ್ತವೆ.

ಹುಸೇನ ಹಲ್ಲಿನಿಂದ ದಾರ ಕಡಿದ.

‘ಅವರು ಕೇಳಲಾರದನ ನಿಂದರಿಸಿದ್ರು, ನಿಂತಿದ್ದಿ. ನಾ ಕೇಳಾಕತ್ತೇನಿ, ಒಲ್ಲೆ ಅಂತಿ.’

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ. ‘ಆತು ಬಿಡು,’ ಎಂದು ಮಷಿನು ತುಳಿದ. ಎದುರಿನ ಹೋಟೆಲಿನತ್ತ ಕೈ ಎತ್ತಿ ಚಹಾ ಹೇಳಿದ. ಕುಡಿದೆವು.

ಲಾಲಸಾಬನ ಫ್ಲೆಕ್ಸು ಈಗ ಅದೇ ಸರ್ಕಲ್ಲಿನಲ್ಲಿದೆ. ಹುಸೇನ ಅದರಲ್ಲಿ ಒಬ್ಬನೇ ನಿಂತಿದ್ದಾನೆ, ಬೇರೆ ಯಾವುದೋ ಫೋಟೋ, ಕೈ ಕಟ್ಟಿಕೊಂಡಿದ್ದಾನೆ. ಗಿರಿಜಾ ಗಿರಣಿಗೆ ಹೋಗಿ ಬಂದಾಗಲೆಲ್ಲ, ‘ನಿಂತಿದ್ರ ಏನ ಆಗ್ತಿತ್ರಿ?’ ಅನ್ನುತ್ತಾಳೆ. ತತ್ವದ ಮಾತು ಹೇಳುತ್ತೇನೆ. ಅವಳು ಹಿಟ್ಟು ಸೋಸುತ್ತಾ ಕೇಳಿಸಿಕೊಳ್ಳುತ್ತಾಳೆ.

ಆದರೆ ಹುಸೇನ ‘ನೀನೂ ನಾನೂ’ ಎಂದ ಆ ಕ್ಷಣದಲ್ಲಿ, ಕಾರಣಗಳು ಸಾಲುಗಟ್ಟುವ ಮೊದಲು, ನನ್ನ ಕಣ್ಣ ಮುಂದೆ ಸುಳಿದದ್ದು ನಮ್ಮ ಓಣಿಯ ಕಟ್ಟೆಯಲ್ಲವೇ? ಅಲ್ಲಿ ಕೂತವರು ಲಾಲಸಾಬನ ಫ್ಲೆಕ್ಸಿನಲ್ಲಿ ನನ್ನನ್ನು ನೋಡಿ ‘ಮಾಸ್ತರ ಕಡೀಕೂ ಅವರ ಕಡೆನ ಹೋದ’ ಎನ್ನುವ ಚಿತ್ರವಲ್ಲವೇ? ಅಥವಾ ಇದನ್ನು ನಾನು ಆಮೇಲೆ, ನನ್ನನ್ನೇ ಬೈದುಕೊಳ್ಳಲು ಸೇರಿಸಿಕೊಂಡೆನೋ? ತತ್ವಕ್ಕೆ ಒಲ್ಲೆ ಅಂದೆನೋ, ಅಂಜಿಕೆಗೆ ಒಲ್ಲೆ ಅಂದೆನೋ, ನನಗೆ ಗೊತ್ತಿಲ್ಲ. ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದ ಹುಸೇನನಿಗೆ ಗೊತ್ತಿರಬಹುದು. ದಿನಾ ಸಂಜೆ ಹೋಗುತ್ತೇನೆ. ಇನ್ನೂ ಕೇಳಿಲ್ಲ.