ತಡವರಿಸದೆ ಹೇಳಿದ ಉತ್ತರಗಳು

ಕಳೆದ ತಿಂಗಳು ಅಕ್ಕನನ್ನು ನೋಡಲು ಹೊರಟು ಮೆಟ್ರೊದಲ್ಲಿ ಇಂದಿರಾನಗರದ ಕಡೆಗೆ ಹೋಗುತ್ತಿದ್ದೆ. ಎದುರು ಸೀಟಿನಲ್ಲಿ ಇಬ್ಬರು ಹುಡುಗಿಯರು ಒಂದೇ ಮೊಬೈಲಿಗೆ ತಲೆ ಬಗ್ಗಿಸಿಕೊಂಡು ಯಾವುದೋ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರು. ಒಬ್ಬಳು ಇಂಗ್ಲಿಷ್ ಪದವೊಂದನ್ನು ಹೇಳುವುದು, ಇನ್ನೊಬ್ಬಳು ಅದರ ವಿರುದ್ಧಪದ ಹೇಳುವುದು. "ಫ್ರೂಗಲ್?" ಎಂದಳು ಮೊದಲನೆಯವಳು. ಎರಡನೆಯವಳು ಬಾಯಿ ತೆರೆಯುವುದರೊಳಗೆ ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಎಪ್ಪತ್ತೈದರ ಮುದುಕ ಪರರ ಪರೀಕ್ಷೆಯಲ್ಲಿ ಬಾಯಿ ಹಾಕಬಾರದೆಂದು ಹೇಗೋ ತಡೆದುಕೊಂಡೆ. ತಡೆದುಕೊಂಡದ್ದು ಒಳ್ಳೆಯದೇ ಆಯಿತು. ಮೊಬೈಲು ತೋರಿಸಿದ ಉತ್ತರ ಬೇರೆಯೇ ಇತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಇಂಗ್ಲಿಷ್ ವ್ಯಾಕರಣದಲ್ಲಿ ನನ್ನದು ಹಳೆಯ ಪಾಂಡಿತ್ಯ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಒಂದು ವಿಮಾ ಕಚೇರಿಯ ಗುಮಾಸ್ತರ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಇಂಗ್ಲಿಷ್ ಪತ್ರಿಕೆಯಲ್ಲಿ ಬಿದ್ದಿದ್ದೆ. ಇದರಿಂದ ನನ್ನ ಆತ್ಮವಿಶ್ವಾಸ ಹೆಚ್ಚಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಎರಡು ಸಲ ಬಿದ್ದವನಿಗೆ ಪರೀಕ್ಷೆಯ ಒಳಹೊರಗೆಲ್ಲ ಗೊತ್ತಿರುತ್ತದೆ. ಒಂದೇ ಸಲಕ್ಕೆ ಪಾಸಾಗಿ ಹೋದವನಿಗೆ ಏನು ಗೊತ್ತು, ಪಾಪ?

ನಮ್ಮ ಮನೆ ಹಲಸೂರಿನಲ್ಲಿ, ಮರ್ಫಿ ಟೌನಿನ ಕಡೆಗೆ ತಿರುಗುವ ರಸ್ತೆಯ ಒಂದು ಸಾಲುಮನೆ. ಎಡಗಡೆಯವರು ತಮಿಳರು, ಎದುರಿನವರು ಉರ್ದುವಿನವರು, ನಲ್ಲಿಯ ಹತ್ತಿರ ಜಗಳ ಹತ್ತಿದರೆ ಮೂರು ಭಾಷೆಯೂ ಒಂದೇ ಕೊಡದಲ್ಲಿ ತುಂಬುತ್ತಿದ್ದವು. ಇಂಗ್ಲಿಷ್ ಮಾತ್ರ ಯಾರ ಮನೆಯದೂ ಅಲ್ಲ. ಹಾಗಾಗಿ ಯಾರು ಗಟ್ಟಿಯಾಗಿ ಆಡುತ್ತಾರೋ ಅವರದ್ದೇ. ಬೀದಿಯಲ್ಲಿ ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಆಡುತ್ತಿದ್ದೆ.

ಮನೆಯಲ್ಲಿ ಅಪ್ಪ, ಅಮ್ಮ, ನಾನು. ಮತ್ತೆ ವನಜಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ವರ್ಷವೇ ಅವಳನ್ನು ತುಮಕೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಏಳು ವರ್ಷದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿನಲ್ಲಿ ಬಂದು ಜಗುಲಿಯ ಮೇಲೆ ಕುಳಿತಳು. ಆಮೇಲೆ ಹೋಗಲಿಲ್ಲ. ಯಾಕೆ ಬಂದೆಯೆಂದು ಯಾರೂ ಕೇಳಲಿಲ್ಲ. ಎಡಗೈ ಮೇಲಿನ ಸುಟ್ಟ ಕಲೆ ಎಲ್ಲರಿಗೂ ಕಾಣುತ್ತಿತ್ತು, ಎಲ್ಲರೂ ಅದನ್ನು ಬಿಟ್ಟು ಬೇರೆ ಕಡೆ ನೋಡುತ್ತಿದ್ದರು. ಅವಳು ಶಿವಾಜಿನಗರದ ಅಂಗಡಿಯೊಂದರಿಂದ ಸೀರೆಗಳನ್ನು ತಂದು, ಫಾಲ್ ಹೊಲಿದು, ವಾರಕ್ಕೆರಡು ಸಲ ಹಿಂದಿರುಗಿಸಿ ಬರುತ್ತಿದ್ದಳು.

ಮೂರನೆಯ ಸಲ ಪರೀಕ್ಷೆಗೆ ಅರ್ಜಿ ಹಾಕುವಾಗ ನಾನು ಎರಡು ಫಾರಂ ತಂದಿದ್ದೆ. ನನ್ನ ಕೈಬರಹದ ಮೇಲೆ ನನಗೆ ಅಷ್ಟು ನಂಬಿಕೆಯಿರಲಿಲ್ಲ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಮೊದಲನೆಯದೇ ಕೆಡದೆ ಮುಗಿಯಿತು. ಮಾರನೆಯ ದಿನ ನೋಡಿದರೆ ಎರಡನೆಯದೂ ತುಂಬಿದೆ. ಮುತ್ತಿನಂಥ ಅಕ್ಷರ, ಅಕ್ಕನ ಹೆಸರು.

"ಏನೇ ಇದು?" ಎಂದೆ.

"ನಿನ್ನದರ ಜೊತೆ ಇದನ್ನೂ ಕೊಟ್ಬಿಡು. ಇಪ್ಪತ್ತೆಂಟರ ತನಕ ತಗೋತಾರಂತೆ. ನನಗಿನ್ನೂ ಇಪ್ಪತ್ತೇಳು."

"ಇಂಗ್ಲಿಷ್ ಇರತ್ತೆ ಅಕ್ಕ. ಸುಮ್ನೆ ಅಲ್ಲ."

"ನೀನಿದ್ದೀಯಲ್ಲ, ಹೇಳ್ಕೊಡು."

ಹೊಗಳಿಕೆಗೆ ನಾನು ಆಗಲೂ ಸುಲಭದ ತುತ್ತು. ಮರುದಿನದಿಂದಲೇ ಸಂಜೆ ಜಗುಲಿಯ ಮೇಲೆ ಪಾಠ ಶುರುವಾಯಿತು. ಅಕ್ಕ ಸೀರೆಯ ಅಂಚನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತ ಪ್ರಶ್ನೆ ಕೇಳುವುದು, ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಉತ್ತರ ಕೊಡುವುದು.

"ಯೂನಿವರ್ಸಿಟಿ ಹಿಂದೆ 'ಎ' ಬರತ್ತೋ 'ಆ್ಯನ್' ಬರತ್ತೋ?"

"ಮೊದಲಕ್ಷರ ಯು. ಸ್ವರ. ಆ್ಯನ್ ಯೂನಿವರ್ಸಿಟಿ."

"ಬಾಯಿಗೇ ಬರಲ್ಲ ಕಣೋ ಅದು."

"ನಿನ್ನ ಬಾಯಿಗೋಸ್ಕರ ಗ್ರಾಮರ್ ಬದಲಾಯಿಸಕ್ಕಾಗತ್ತಾ?"

ಇನ್ನೊಂದು ದಿನ: "'ಇನ್‌ವ್ಯಾಲ್ಯುಯಬಲ್' ಅಂದ್ರೇನೋ?"

"ವ್ಯಾಲ್ಯುಯಬಲ್ ಅಂದ್ರೆ ಬೆಲೆ ಇರೋದು. ಇನ್‌ವ್ಯಾಲ್ಯುಯಬಲ್, ಬೆಲೆ ಇಲ್ಲದ್ದು. ಕಸ."

"ಯಾರಿಗಾದ್ರೂ ಕೋಲ್ಡ್ ಶೋಲ್ಡರ್ ಕೊಡೋದು ಅಂದ್ರೆ?"

ಕಡೆಗಣಿಸುವುದು ಎಂಬ ಅದರ ಅರ್ಥ ನನಗೆ ತಿಳಿದದ್ದು ಬಹಳ ಆಮೇಲೆ. ಆಗ ಇದನ್ನು ನಾನು ಕೇಳಿಯೇ ಇರಲಿಲ್ಲ. ಆದರೆ ಗುರು ಎನಿಸಿಕೊಂಡವನು ಗೊತ್ತಿಲ್ಲ ಅನ್ನುವುದುಂಟೆ? "ಶೀತ ಆಗಿ ಭುಜ ಹಿಡ್ಕೊಳ್ಳತ್ತಲ್ಲ, ಅದು. ಅಂಟು ರೋಗ, ಒಬ್ಬರಿಂದ ಒಬ್ಬರಿಗೆ ಕೊಡಬಹುದು" ಎಂದುಬಿಟ್ಟೆ. ಅವಳು ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹತ್ತಿರವಿದ್ದ ಚೀಟಿಯ ಮೇಲೆ ಏನೋ ಬರೆದುಕೊಂಡಳು. ಶಿಷ್ಯೆಯ ಶ್ರದ್ಧೆ ಕಂಡು ನನಗೆ ಬಹಳ ಸಂತೋಷವಾಯಿತು.

ನಮ್ಮ ಹತ್ತಿರ ಒಂದು ನಿಘಂಟೂ ಇತ್ತು. ಶಿವಾಜಿನಗರದಲ್ಲಿ ಹಳೆ ಪುಸ್ತಕ, ರದ್ದಿ ಮಾರುವ ಖಾದರ್ ಸಾಬರ ಅಂಗಡಿಯಲ್ಲಿ ಕೊಂಡದ್ದು. ಮನೆಗೆ ಬಂದು ನೋಡಿದರೆ ಎಂ ಅಕ್ಷರದಿಂದ ಪಿ ಅಕ್ಷರದವರೆಗೆ ಹಾಳೆಗಳೇ ಇಲ್ಲ. ವಾಪಸು ಒಯ್ದು ಜಗಳಕ್ಕೆ ನಿಂತೆ. ಖಾದರ್ ಸಾಬರು ಕನ್ನಡಕ ಹಣೆಗೇರಿಸಿ ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅರೇ ತಮ್ಮಾ, ನಾಲ್ಕು ಅಕ್ಷರ ತಾನೇ ಇಲ್ಲ? ನನಗೆ ಇಪ್ಪತ್ತಾರೂ ಇಲ್ಲ. ಮೂವತ್ತು ವರ್ಷದಿಂದ ಬುಕ್ ಬಿಜಿನೆಸ್ ಮಾಡ್ತಾ ಇಲ್ವಾ?" ಎಂದರು. ಅದೇ ನಿಘಂಟನ್ನು ಹೊತ್ತುಕೊಂಡು ಬಂದೆ. ಎಂ, ಎನ್, ಓ, ಪಿ ಪದಗಳಿಗೆ ಅರ್ಥವನ್ನು ನಾನೇ ಒದಗಿಸತೊಡಗಿದೆ.

ಪರೀಕ್ಷೆಗೆ ಇನ್ನೊಂದು ವಾರವಿರುವಾಗ ತುಮಕೂರಿನಿಂದ ಅಕ್ಕನ ಗಂಡನ ಚಿಕ್ಕಪ್ಪ ಬಂದರು. ದೊಡ್ಡ ಮನುಷ್ಯ, ಬಾಳೆಗೊನೆಯ ಜೊತೆ ಬಂದಿದ್ದರು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ, "ಆದದ್ದು ಆಯ್ತು. ಹುಡುಗನೂ ತಣ್ಣಗಾಗಿದಾನೆ. ಮನೆ ಹೆಣ್ಣುಮಗು ಎಷ್ಟು ದಿನ ಹೀಗೆ ಹೊರಗಿರೋದು? ಕಳಿಸ್ಕೊಡಿ" ಎಂದರು.

ಅಪ್ಪ ಮಿಲಿಟರಿ ಉಗ್ರಾಣವೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೇಲಿನವರ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ. ನೆಲ ನೋಡುತ್ತ, "ಭಾನುವಾರ ಒಳ್ಳೆ ದಿನ ಇರಬೇಕು" ಎಂದರು.

"ಭಾನುವಾರ ನನಗೆ ಪರೀಕ್ಷೆ ಇದೆ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ಅಪ್ಪನೆದುರು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ.

"ಪರೀಕ್ಷೆ ಬರೆದು ಬಾಮ್ಮ, ಅದಕ್ಕೇನು" ಎಂದರು ಆ ಹಿರಿಯರು.

"ಫಲಿತಾಂಶ ಬರಬೇಕು."

"ಅದರಲ್ಲಿ ನಿನ್ನ ಹೆಸರು ಬರದಿದ್ರೆ?"

"ಬರದಿದ್ರೆ ನಾನೇ ಬಸ್ಸು ಹತ್ತಿ ಬರ್ತೀನಿ. ನೀವು ಇಷ್ಟು ದೂರ ಬರೋದು ಬೇಡ" ಎಂದಳು.

ಅವರು ಒಪ್ಪಿ ಹೊರಟುಹೋದರು. ಅಮ್ಮ ಬಾಳೆಗೊನೆಯನ್ನು ಮುಟ್ಟಲೇ ಇಲ್ಲ. ನನಗೆ ಮೊದಲ ಬಾರಿಗೆ ಭಯವಾಯಿತು. ಅಷ್ಟು ದಿನ ಅದು ನನ್ನ ಪರೀಕ್ಷೆ, ಅಕ್ಕನದು ಜೊತೆಗೊಂದು ತಮಾಷೆ ಅಂದುಕೊಂಡಿದ್ದೆ.

ಆ ಭಾನುವಾರ ದಂಡು ಪ್ರದೇಶದ ಒಂದು ಶಾಲೆಯಲ್ಲಿ ಇಬ್ಬರೂ ಬರೆದೆವು. ವಾಪಸು ಬರುವಾಗ ಬಸ್ಸಿನಲ್ಲಿ ಉತ್ತರ ತಾಳೆ ನೋಡಿದೆವು.

"ನ್ಯೂಸ್‌ಗೆ ಏನು ಹಾಕಿದೆ? 'ಈಸ್'ಓ 'ಆರ್'ಓ?"

"ಈಸ್."

"ಅಯ್ಯೋ! ಕೊನೇಲಿ ಎಸ್ ಇದೆ, ಬಹುವಚನ ಅಂತ ಹೇಳ್ಕೊಟ್ಟಿರಲಿಲ್ವಾ? ಸೀನಿಯರ್ ಮುಂದೆ?"

"ಟು."

"ದ್ಯಾನ್ ಕಣೇ, ದ್ಯಾನ್! ಯೂನಿವರ್ಸಿಟಿಗೆ?"

"ಎ."

ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಒಂದೂ ಹೊಂದಲಿಲ್ಲ. ಅಕ್ಕ ಕಿಟಕಿಯಾಚೆ ನೋಡುತ್ತ, "ಹೋಗ್ಲಿ ಬಿಡು, ಕೈಗೆ ಬಂದದ್ದು ಬರೆದೆ" ಎಂದಳು. ಅವಳ ಶಾಂತಿ ಕಂಡು ನನಗೆ ಅಳುವೇ ಬಂತು. ಇಷ್ಟು ಚೆನ್ನಾಗಿ ಹೇಳಿಕೊಟ್ಟರೂ ಪರೀಕ್ಷೆಯ ಹೊತ್ತಿಗೆ ಎಲ್ಲ ಮರೆತಳಲ್ಲ, ಇನ್ನು ತುಮಕೂರಿನ ಬಸ್ಸು ಹತ್ತುವುದೊಂದೇ ಬಾಕಿ ಎಂದು. ಮಾರನೆಯ ಬೆಳಗ್ಗೆಯಿಂದ ಯಾರಿಗೂ ಹೇಳದೆ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿ ದಿನಕ್ಕೆ ಇಪ್ಪತ್ತೊಂದು ಪ್ರದಕ್ಷಿಣೆ ಹಾಕತೊಡಗಿದೆ. ಅಕ್ಕ ಪಾಸಾಗಲಿ ಎಂಬುದೊಂದೇ ಬೇಡಿಕೆ. ನನ್ನ ವಿಷಯ ದೇವರಿಗೆ ಹೇಳುವ ಅಗತ್ಯವೇ ಕಾಣಲಿಲ್ಲ, ನಾನು ಸರಿಯಾಗಿ ಬರೆದಿದ್ದೆನಲ್ಲ.

ದೇವರು ನನ್ನ ಬೇಡಿಕೆಯನ್ನು ಅಕ್ಷರಶಃ ನಡೆಸಿಕೊಟ್ಟ. ಎರಡು ತಿಂಗಳ ಮೇಲೆ ಕಚೇರಿಯ ಬೋರ್ಡಿನ ಮೇಲೆ ಪಟ್ಟಿ ಹಾಕಿದರು. ಒಟ್ಟಿಗೆ ಅರ್ಜಿ ಕೊಟ್ಟದ್ದರಿಂದ ನಮ್ಮ ನಂಬರುಗಳು ಅಕ್ಕಪಕ್ಕ. ನನ್ನದಿರಬೇಕಾದ ಜಾಗದಲ್ಲಿ ಅಕ್ಕನದಿತ್ತು. ಅಚ್ಚಿನ ತಪ್ಪಿರಬಹುದೆಂದು ಒಳಗೆ ಹೋಗಿ ವಿಚಾರಿಸಿದೆ. ಅಲ್ಲಿದ್ದವರು ನನ್ನ ಇಂಗ್ಲಿಷ್ ಕೇಳಿ, "ಲಿಸ್ಟ್ ಸರಿಯಾಗಿದೆ ರೀ" ಎಂದು ಕನ್ನಡದಲ್ಲಿ ಹೇಳಿದರು.

ಸುದ್ದಿ ಹೇಳಿದಾಗ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅಪ್ಪ ಕುರ್ಚಿಯಿಂದ ಎದ್ದು ನಿಂತರು. ಅಕ್ಕ ಮರಳಿ ಬಂದ ದಿನದಿಂದ ಅವರು ಅವಳ ಮುಖ ನೋಡಿ ಮಾತಾಡಿದವರಲ್ಲ. ಏನಿದ್ದರೂ "ಅವಳಿಗೆ ಹೇಳು" ಎಂದು ಅಮ್ಮನ ಮೂಲಕ. ಈಗ ಎರಡು ಹೆಜ್ಜೆ ಮುಂದೆ ಬಂದು, ಅಂಗಿಯ ಗುಂಡಿ ಸರಿಮಾಡಿಕೊಂಡು, "ಕಂಗ್ರಾಜುಲೇಷನ್ಸ್" ಎಂದರು. ಕನ್ನಡದಲ್ಲಿ ಅದನ್ನು ಹೇಳಲು ಅವರಿಂದ ಆಗುತ್ತಿರಲಿಲ್ಲವೆಂದು ಕಾಣುತ್ತದೆ. "ಥ್ಯಾಂಕ್ಯೂ ಅಪ್ಪ" ಎಂದಳು ಅಕ್ಕ. ಅವತ್ತು ಮೂವರ ಕಣ್ಣೂ ಒದ್ದೆಯಾಗಿತ್ತು. ನನ್ನವೂ ಆಗಿದ್ದವು, ಕಾರಣಗಳು ಸ್ವಲ್ಪ ಬೇರೆ.

ಆ ವಾರ ಸಿಟ್ಟಿನಲ್ಲಿ ನಿಘಂಟನ್ನು ಮಾರಿಬಿಡಲು ಶಿವಾಜಿನಗರಕ್ಕೆ ಹೋದೆ. ಖಾದರ್ ಸಾಬರು ಪುಸ್ತಕವನ್ನು ಮುಟ್ಟುವ ಮೊದಲೇ, "ಅಕ್ಕ ಪಾಸಾದ್ರಾ?" ಎಂದು ಕೇಳಿದರು.

"ನಿಮಗೆ ಹೇಗೆ ಗೊತ್ತು?"

"ಅಲ್ಲೇ ಕೂತ್ಕೊಳ್ತಾ ಇದ್ರು, ಆ ಸ್ಟೂಲ್ ಮೇಲೆ. ಸೀರೆ ಕೊಟ್ಟು ಬರೋವಾಗ ಪ್ರತಿ ಸಲ ಅರ್ಧ ಗಂಟೆ. ನನ್ನ ಹತ್ರ ಪೂರಾ ಡಿಕ್ಷನರಿ ಇದೆಯಲ್ಲ, ಗ್ರಾಮರ್ ಬುಕ್ ಕೂಡ. ಒಂದು ಚೀಟಿ ತರ್ತಾ ಇದ್ರು. ಈ ಕಡೆ ತಮ್ಮ ಹೇಳಿದ್ದು, ಆ ಕಡೆ ಸರಿಯಾದ್ದು." ಸಾಬರು ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡ ತಮ್ಮಾ, ಚೀಟಿ ಬಹಳ ಉದ್ದ ಇರ್ತಿತ್ತು."

ಮನೆಗೆ ಬಂದವನೇ ಅಕ್ಕನ ಮುಂದೆ ನಿಂತೆ. ಅವಳು ಮುಚ್ಚಿಡಲಿಲ್ಲ. "ಕೊನೆಕೊನೆಗೆ ಡಿಕ್ಷನರಿ ನೋಡೋದೂ ಬೇಕಾಗಿರಲಿಲ್ಲ ಕಣೋ. ನೀನು ತಡವರಿಸಿ ಹೇಳಿದ್ದು ಸರಿ ಇರ್ತಿತ್ತು. ತಡವರಿಸದೆ ಹೇಳಿದ್ದೆಲ್ಲ ತಪ್ಪು. ಪರೀಕ್ಷೇಲೂ ಸಂದೇಹ ಬಂದ ಕಡೆ ನಿನ್ನ ಮುಖ ನೆನೆಸ್ಕೊಂಡೆ, ನೀನು ಧೈರ್ಯವಾಗಿ ಏನು ಹೇಳ್ತಿದ್ದೆಯೋ ಅದನ್ನ ಬಿಟ್ಟು ಇನ್ನೊಂದು ಬರೆದೆ."

ಅಕ್ಕ ಮೂವತ್ತೆರಡು ವರ್ಷ ಆ ಕಚೇರಿಯಲ್ಲಿ ಕೆಲಸ ಮಾಡಿದಳು. ತುಮಕೂರಿನ ಬಸ್ಸು ಹತ್ತಲಿಲ್ಲ. ಹೊಸ ತಿಪ್ಪಸಂದ್ರದಲ್ಲಿ ಮಾರ್ಕೆಟ್ ರಸ್ತೆಗೆ ಹತ್ತಿರದಲ್ಲೇ ಸ್ವಂತದ ಸಣ್ಣ ಮನೆ ಮಾಡಿದಳು. ನನಗೆ ಐದನೆಯ ಪ್ರಯತ್ನದಲ್ಲಿ ಬೇರೊಂದು ಕಡೆ ನೌಕರಿ ಸಿಕ್ಕಿತು. ಆ ಸಲ ಪಾಠ ಹೇಳಿಕೊಟ್ಟವಳು ಅವಳು ಎಂಬುದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಮದುವೆಮನೆಗಳಲ್ಲಿ ನಾಲ್ಕು ಜನ ಸೇರಿದಾಗ ನಾನು ಹೇಳುವುದು ನನ್ನ ಶಿಷ್ಯೆ ನನ್ನನ್ನು ಮೀರಿಸಿದ ಕಥೆಯನ್ನು. ಎಲ್ಲರೂ ನಗುತ್ತಾರೆ. ಐವತ್ತು ವರ್ಷದಿಂದ ನಗಿಸುತ್ತ ಬಂದಿದ್ದೇನೆ.

ಕಳೆದ ತಿಂಗಳು ಅವಳ ಮನೆ ಮುಟ್ಟಿದಾಗ ಮೆಟ್ರೊದ ಹುಡುಗಿಯರ ವಿಷಯ ಹೇಳಿದೆ. ಎಂಬತ್ತರ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆ ಆಗ ಬಾಯಿಗೆ ಬಂತು.

"ಎಲ್ಲಾ ತಪ್ಪು ಹೇಳ್ತೀನಿ ಅಂತ ಗೊತ್ತಿತ್ತಲ್ಲ. ಮತ್ತೆ ದಿನಾ ಸಂಜೆ ನನ್ನ ಹತ್ರ ಯಾಕೆ ಕೂತ್ಕೊಳ್ತಿದ್ದೆ?"

ಅವಳು ಸೀರೆಯ ನೆರಿಗೆ ಸವರಿಕೊಂಡಳು.

"ಇಂಗ್ಲಿಷ್ ಖಾದರ್ ಸಾಬರ ಅಂಗಡೀಲೂ ಸಿಗ್ತಿತ್ತು. ಅಪ್ಪ ಮುಖ ನೋಡ್ತಿರಲಿಲ್ಲ. ಅಮ್ಮ ನೋಡಿದ್ರೆ ಅಳೋಳು. ಬೀದಿಯೋರು ಮೆತ್ತಗೆ ಮಾತಾಡೋರು, ಸತ್ತೋರ ಮನೇಲಿ ಮಾತಾಡೋ ಹಾಗೆ. ನೀನೊಬ್ಬನೇ ನನಗೆ ದಡ್ಡಿ ಅಂತ ಬೈತಿದ್ದೆ, ಜಗಳ ಆಡ್ತಿದ್ದೆ. ಸಂಜೆ ಆ ಒಂದು ಗಂಟೆ ನಾನು ಮೊದಲಿನ ವನಜಾನೇ ಆಗಿರ್ತಿದ್ದೆ."

ನನಗೇನೂ ಗೊತ್ತಿರಲಿಲ್ಲ, ನೋಡಿ. ನಾನು ಬೈದದ್ದು ಔದಾರ್ಯದಿಂದಲ್ಲ, ಬರೀ ಹಮ್ಮಿನಿಂದ. ಅದನ್ನು ಅವಳಿಗೆ ಹೇಳಬೇಕೆನಿಸಿತು, ಆಗಲಿಲ್ಲ. ಹೋಗಿಬರುತ್ತೇನೆಂದು ಚಪ್ಪಲಿ ಮೆಟ್ಟಿ ಮಾರ್ಕೆಟ್ ರಸ್ತೆಯವರೆಗೂ ಬಂದೆ. ತರಕಾರಿ ಗಾಡಿಗಳ ನಡುವೆ ಒಂದು ನಿಮಿಷ ನಿಂತೆ. ಅರ್ಧ ಕಿಲೋ ಹುರುಳಿಕಾಯಿ ಕೊಂಡು ವಾಪಸು ಹೋಗಿ ಬಾಗಿಲು ತಟ್ಟಿದೆ.

"ಏನು ಮರೆತೆಯೋ?"

"ಏನಿಲ್ಲ. ಊಟ ಇಲ್ಲೇ ಮಾಡ್ತೀನಿ. ನಾನೇ ಅಡುಗೆ ಮಾಡ್ತೀನಿ, ನೀನು ಕೂತಿರು."

"ಒಂದಕ್ಕೆ ಎಷ್ಟು ನೀರು ಅಂತಾದ್ರೂ ಗೊತ್ತೇನೋ ಅನ್ನಕ್ಕೆ?"

"ಒಂದಕ್ಕೆ ಮೂರೂವರೆ" ಎಂದೆ, ಅಕ್ಕಿ ತೊಳೆಯುತ್ತ.

"ಗಂಜಿ ಮಾಡ್ತೀಯಾ? ಎರಡು ಕಣೋ ದಡ್ಡ!"

"ಮೂರೂವರೆ. ನಿನಗೇನು ಗೊತ್ತು?"

ಅವಳು ಕೋಲೂರಿಕೊಂಡು ಎದ್ದು ಅಡುಗೆಮನೆಗೇ ಬಂದಳು. ಊಟದ ಹೊತ್ತಿನವರೆಗೂ ಜಗಳ ಆಡಿದೆವು.